ಕರ್ಪೂರದ ಡಬ್ಬಿಯಲ್ಲಿ ಪುದೀನಾ ಹೂ

ಎಸ್ತೇರ ಅಕ್ಕೋರೇ, ಆ ಪೊಟ್ಟಣವನ್ನು ನೀವು ನನ್ನ ಕೈಗೇ ಕೊಟ್ಟಿದ್ದಿರಿ. ಕೊಟ್ಟಿಲ್ಲವೆಂದು ನಾನು ಸುಳ್ಳು ಹೇಳಿದೆ — ನಾಲ್ಕು ಜನರ ಮುಂದೆ, ನಿಮ್ಮ ಮುಖವನ್ನೇ ನೋಡುತ್ತ.

ಅದು ಯುದ್ಧದ ಕಾಲ. ಘೋಣಸಗಿಯಿಂದ ಮದುವೆಯಾಗಿ ವಿಜಾಪುರಕ್ಕೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ನೀವು ಬಾಡಿಗೆಗಿದ್ದಿರಿ. ಹಗಲು ಶಾಲೆಯ ಕೆಲಸ, ಸಂಜೆ ನಮ್ಮ ಕಟ್ಟೆಯ ಮೇಲೆ ಓಣಿಯ ಹುಡುಗಿಯರಿಗೆ ಅಕ್ಷರ ಕಲಿಸುವುದು. ಕ್ರಿಸ್‌ಮಸ್ಸಿಗೆ ಆಗ ನಾತಾಳ ಎನ್ನುತ್ತಿದ್ದೆವು. ನಾತಾಳಕ್ಕೆ ಆ ಹುಡುಗಿಯರಿಗೆಲ್ಲ ಎರಡೆರಡು ಪೆಪ್ಪರಮಿಂಟು ಕೊಡುವುದು ನಿಮ್ಮ ಪದ್ಧತಿ. ಅದಕ್ಕಾಗಿ ರೇಷನ್ ಸಕ್ಕರೆಯನ್ನು ದೀಪಾವಳಿಯಿಂದಲೇ ಚಮಚೆ ಚಮಚೆ ಉಳಿಸುತ್ತಿದ್ದಿರಿ.

ಆ ವರ್ಷ ನಾತಾಳಕ್ಕೆ ಮುಂಚೆ ಹದ ನೋಡಲೆಂದು ಒಂದು ಹಿಡಿ ಮಾಡಿದಿರಿ. ಒಲೆ ಹಚ್ಚದೆ ಸಿಹಿ ಮಾಡುವುದನ್ನು ನಾನು ಕಂಡದ್ದು ಅದೇ ಮೊದಲು! ಬೀಸಿದ ಸಕ್ಕರೆಯನ್ನು ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ಹಾಲಿನ ಕೆನೆ ಹಾಕಿ, ರೊಟ್ಟಿಯ ಹಿಟ್ಟಿನಂತೆ ನಾದಿ, ಪುದೀನಾ ಹೂವಿನ, ಅಂದರೆ ಮೆಂಥಾಲಿನ, ಎರಡು ಹರಳು ಪುಡಿ ಮಾಡಿ ಬೆರೆಸಿದಿರಿ. ಹೆಸರಿಗೆ ಹೂ, ನೋಡಿದರೆ ಬಿಳಿ ಸೂಜಿಗಳು. ರುಚಿ ನೋಡೆಂದು ಒಂದು ತುಣುಕು ಕೊಟ್ಟಿರಿ. ನಿಮ್ಮ ಕೈಯದು ತಿನ್ನಬಾರದೆನ್ನುವ ಅತ್ತೆಗೆ ಗೊತ್ತಾಗದಂತೆ ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಸಿಹಿ, ಉಸಿರೆಳೆದರೆ ಬಾಯಿ ತುಂಬ ಚಳಿ. ಸಕ್ಕರೆಯೊಳಗೆ ಚಳಿ ಅಡಗಿಸಿಡುವ ಈ ಹೆಂಗಸು ಯಾರು ಎಂದು ಬೆರಗಾಗಿ ನಿಮ್ಮನ್ನೇ ನೋಡುತ್ತ ನಿಂತಿದ್ದೆ.

ಆಮೇಲೆ ನೀವು ತಂಗಿಯ ಬಾಣಂತನಕ್ಕೆಂದು ಬಬಲೇಶ್ವರಕ್ಕೆ ಹೊರಟಿರಿ. ಖೋಲಿಯಲ್ಲಿ ಇಲಿಗಳ ಕಾಟ. ಉಳಿದ ಹೂವಿನ ಪೊಟ್ಟಣವನ್ನು ನನ್ನ ಕೈಗಿಟ್ಟು, “ಜ್ವಾಕಿ ಗೌರವ್ವಾ, ಇದು ಮತ್ತ ಸಿಗೂದಿಲ್ಲ” ಎಂದಿರಿ.

ಎಷ್ಟು ಜೋಪಾನ ಮಾಡಿದೆ ನೋಡಿ! ಹಾರಿಹೋಗುವ ವಸ್ತು ಎಂದರೆ ನಮ್ಮ ಮನೆಯಲ್ಲಿ ಕರ್ಪೂರ. ಅದನ್ನು ನಾಲ್ಕು ಮೆಣಸಿನ ಕಾಳಿನ ಜೊತೆ ಹಿತ್ತಾಳೆಯ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ದೇವರ ಜಗಲಿಯ ಮೇಲೆ ಇಡುತ್ತಿದ್ದೆವು. ಮೆಣಸಿದ್ದರೆ ಕರ್ಪೂರ ಹಾರುವುದಿಲ್ಲ ಎಂಬ ನಂಬಿಕೆ. ಹೂವೂ ಹಾರದಿರಲಿ ಎಂದು ಪೊಟ್ಟಣ ಬಿಚ್ಚಿ ಅದರಲ್ಲೇ ಸುರಿದೆ. ಡಬ್ಬಿ ತೆರೆಯುವುದು ಸೋಮವಾರದ ಪೂಜೆಗೆ ಮಾತ್ರ. ಅಷ್ಟರಲ್ಲಿ ತೆಗೆದರಾಯಿತು ಎಂದುಕೊಂಡವಳು — ಮರೆತೆ.

ಸೋಮವಾರ ಅತ್ತೆ ಮುಚ್ಚಳ ತೆಗೆದವರೇ ಕೂಗಿದರು. “ಯವ್ವಾ, ಕರ್ಪೂರ ನೀರಾಗೇತಿ! ಬೆಂಕಿ ಸೋಕಿಲ್ಲ, ಏನಿಲ್ಲ... ನೀರಾಗೇತಿ!”

ನಾನೂ ಬಗ್ಗಿ ನೋಡಿದೆ. ಹರಳಿಲ್ಲ, ಕರ್ಪೂರವಿಲ್ಲ. ತಿಳಿನೀರಿನಲ್ಲಿ ನಾಲ್ಕು ಮೆಣಸು. ದೇವರೇ ಕರಗಿಸಿದನೆಂದು ಅತ್ತೆ ಅತ್ತರು, ನನಗೂ ಅಳು ಬಂತು. ಆ ಅಳು ನಾಟಕವಲ್ಲ ಅಕ್ಕೋರೇ, ನಾನೂ ನಂಬಿದ್ದೆ. ಓಣಿಯ ಹೆಂಗಸರೆಲ್ಲ ಬಂದರು. ಹಣೆಗೆ ಒಂದೊಂದು ಹನಿ. ಎಷ್ಟೋ ದಿನದ ತಲೆನೋವು ನಿಂತಿತು ಎಂದವರೂ ಇದ್ದರು.

ಆ ಗದ್ದಲದ ನಡುವೆಯೇ ನೀವು ಬಬಲೇಶ್ವರದಿಂದ ಬಂದಿರಿ. “ಗೌರವ್ವಾ, ಪೊಟ್ಣ ಕೊಡವಾ. ನಾಳಿಗಿ ಪೆಪ್ಪರಮಿಂಟ್ ಮಾಡಬೇಕು.”

ಅತ್ತೆ ನನ್ನ ಕಡೆ ನೋಡಿದರು. ದೇವರ ಡಬ್ಬಿಗೆ ನಿಮ್ಮ ಮನೆಯ ವಸ್ತು ಹಾಕಿದ್ದೆನೆಂದು ಹೇಳಿದರೆ ಅಂದೇ ನನ್ನನ್ನು ತವರಿಗೆ ಅಟ್ಟುತ್ತಿದ್ದರು. ಅದೊಂದೇ ನನ್ನ ತಲೆಯಲ್ಲಿದ್ದದ್ದು.

“ಯಾವ ಪೊಟ್ಣಾರೀ? ನನ್ನ ಕೈಯಾಗ ನೀವೇನೂ ಕೊಟ್ಟಿಲ್ಲಲ್ರೀ.”

ನೀವು ಸುತ್ತ ನಿಂತವರ ಒದ್ದೆ ಹಣೆಗಳನ್ನು ನೋಡಿದಿರಿ. ಒಮ್ಮೆ ಉಸಿರೆಳೆದಿರಿ. ಆಮೇಲೆ ಮೆಲ್ಲಗೆ, “ಹೌದವಾ, ನಾನ ಎಲ್ಲ್ಯೋ ಇಟ್ಟು ಮರತಿರಬೇಕು” ಎಂದಿರಿ.

ಓಣಿ ಸುಮ್ಮನಿರಲಿಲ್ಲ. ಬಡಪಾಯಿ ಸೊಸೆಯ ಮೇಲೆ ಕಳವು ಹೊರಿಸಲು ಬಂದಿದ್ದಳು ಎಂದಿತು. ಎಷ್ಟೋ ತಾಯಂದಿರು ಮಗಳನ್ನು ಪಾಠದಿಂದ ಬಿಡಿಸಿದರು. ನಾತಾಳಕ್ಕೆ ಉಳಿದ ಹುಡುಗಿಯರಿಗೆ ನೀವು ಬರೀ ಸಕ್ಕರೆ ಬಿಲ್ಲೆ ಕೊಟ್ಟಿರಿ. ಬಾಯಿಗಿಟ್ಟುಕೊಂಡು ಚಳಿ ಬರಲೆಂದು ಕಾದು, ಒಬ್ಬರ ಮುಖ ಒಬ್ಬರು ನೋಡಿದರು. ನಾನು ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದೆ.

ಬೇಸಿಗೆಯಲ್ಲಿ ನಿಮಗೆ ತಿಕೋಟಾಕ್ಕೆ ವರ್ಗವಾಯಿತು. ಟಾಂಗಾ ಹತ್ತುವ ಮುಂಚೆ ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳದಂತೆ ಹೇಳಿದಿರಿ: “ಮುಂದ ನೀನೂ ಪೆಪ್ಪರಮಿಂಟ್ ಮಾಡ್ತಿ. ಹೂ ಮಾತ್ರ ಕರ್ಪೂರದ ಜೋಡಿ ಇಡಬ್ಯಾಡ. ಎರಡೂ ಕೂಡಿದ್ರ ನೀರಾಗ್ತಾವ.”

ಎಲ್ಲವೂ ಗೊತ್ತಿತ್ತು ನಿಮಗೆ — ಅಂದೇ, ಹೂವಿನ ವಾಸನೆ ಹೊತ್ತ ಆ ಒಂದು ಉಸಿರಿನಲ್ಲೇ. ಆ ಡಬ್ಬಿಗೆ ಓಣಿಯೆಲ್ಲ ಕೈಮುಗಿಯಿತು. ನನಗೆ ಕೈಮುಗಿಯಬೇಕೆನಿಸಿದ್ದು ನಿಮಗೆ. ಮುಗಿಯಲಿಲ್ಲ. ಅಲ್ಲಿಯವರೆಗೆ ಹೆದರಿದ್ದೆ, ನಂಬಿದ್ದೆ ಎನ್ನಬಹುದು. ಅಲ್ಲಿಂದಾಚೆಗೆ... ಏನೆನ್ನಲಿ? ಅತ್ತೆ ತೀರಿಕೊಂಡ ಮೇಲೂ ಬಾಯಿ ಬಿಡಲಿಲ್ಲ.

ಈ ಮುಪ್ಪಿನಲ್ಲಿ, ಇಂದು ಬೆಳಿಗ್ಗೆ, ಓಣಿಯ ಹೆಂಗಸರನ್ನೆಲ್ಲ ಕರೆದು ಹೇಳಿಬಿಟ್ಟೆ — ಅಕ್ಕೋರು ಕೊಟ್ಟಿದ್ದರು, ಸುಳ್ಳು ನನ್ನದು ಎಂದು. ಯಾರೂ ನನ್ನನ್ನು ಬೈಯಲಿಲ್ಲ. ಬಂದವರೆಲ್ಲ ಆಗಿನವರ ಸೊಸೆಯಂದಿರು, ಮೊಮ್ಮಕ್ಕಳು; ನಿಮ್ಮನ್ನು ಕಂಡವರು ಒಬ್ಬರೂ ಉಳಿದಿರಲಿಲ್ಲ. ಒಬ್ಬಳು ಮಾತ್ರ ಕೇಳಿದಳು.

“ಯಾವ ಅಕ್ಕೋರು, ಆಯೀ?”