ದಿನಾ ಮುಂಜಾನೆ ಒಂದು ತತ್ತಿ

ವಯಸ್ಸಾದ ಮ್ಯಾಲ ಮಂದಿ ಎಲ್ಲಾರನ್ನೂ ಕ್ಷಮಾ ಮಾಡಿಬಿಡ್ತಾರಂತ. ಮಾಡ್ಲಿ, ಅವರಿಗೆ ಪುಣ್ಯ ಬರ್ಲಿ. ನಾ ಮಾಡಿಲ್ಲ. ನಮ್ಮ ಕಾಕಾ ಹೋಗಿ ಎಷ್ಟೋ ವರ್ಷ ಆತು, ಅಜ್ಜ ಅದಕ್ಕಿಂತ ಮೊದಲ ಹೋದ. ಇಬ್ಬರ ಫೋಟೋಕ್ಕೂ ನಾನ ದಿನಾ ಹೂ ಏರಿಸ್ತೇನಿ. ಹೂ ಏರಿಸೂದು ಬ್ಯಾರೆ, ಸಿಟ್ಟು ಬ್ಯಾರೆ.

ಹಳೇ ಹುಬ್ಬಳ್ಳ್ಯಾಗ ನಮ್ಮದು ಹತ್ತಿ ವ್ಯಾಪಾರದ ಮನಿ. ಪಡಸಾಲ್ಯಾಗ ಅಜ್ಜನ ಗಾದಿ, ಅದರ ಬಾಜೂಕ ಪೂಜಿ ಮಣಿ. ಅಜ್ಜ ಅಲ್ಲೇ ಕುಂತು ಮನಿ ಆಳತಿದ್ದ. ಖಾದಿ ಟೊಪಿಗಿ ಹಾಕ್ಕೊಂಡ ಹುಡುಗರು ಮುಂಜಾನೆ ಎದ್ದು ಓಣಿ ತುಂಬ ಹಾಡ್ಕೋತ ಹೋಗತಿದ್ದ ಕಾಲ ಅದು. ನನಗ ಹನ್ನೊಂದು ತುಂಬಿತ್ತು. ಹೆಣ್ಣುಮಕ್ಕಳ ಸಾಲ್ಯಾಗ ಆ ವರ್ಷ ನಮಗ ಇಂಗ್ಲಿಷ್ ಸುರು ಮಾಡಿದ್ರು.

ಪುಸ್ತಕ ಸಣ್ಣದು, ಕೆಂಪು ರಟ್ಟು. ಅರ್ಧರ್ಧ ಪುಟದ ಪಾಠಗಳು, ಪ್ರತಿಯೊಂದಕ್ಕೂ ಒಂದು ಚಿತ್ರ. ಟಪಾಲಿನಂವ ಬಂದದ್ದು, ನಾಯಿಗೆ ಜಳಕ ಮಾಡಿಸಿದ್ದು, ಅಪ್ಪ ಅವ್ವ ಮಕ್ಕಳು ಮುಂಜಾನೆ ಮೇಜಿನ ಸುತ್ತ ಕುಂತು ನಾಷ್ಟಾ ಮಾಡಿದ್ದು. ಕಥಿ ಅನ್ನೂವಂಥಾದ್ದು ಏನೂ ಇದ್ದಿಲ್ಲ, ಅವರು ದಿನಾ ಹೆಂಗ ಬದುಕ್ತಾರ ಅಂತ ಅಷ್ಟ. ಆದ್ರ ನನಗ ಅದ ದೊಡ್ಡ ಸೋಜಿಗ. ಆ ಪುಸ್ತಕದಾಗ ಬಾಗಿಲ ಬಡದು, ಒಳಗ ಬರಲೇನು ಅಂತ ಕೇಳಿ ಬರತಿದ್ರು. ಮಗಳು ನೀರ ತಂದು ಕೊಟ್ರ ಅಪ್ಪ ಥ್ಯಾಂಕ್ಯೂ ಅಂತಿದ್ದ. ಮಗಳಿಗೆ ಥ್ಯಾಂಕ್ಯೂ ಅನ್ನೂ ಅಪ್ಪ ಯಾವ ದೇಶದಾಗ ಅದಾನ ಅಂತ ನಾ ಸಾಲಿ ಗೋಡಿ ಮ್ಯಾಲಿನ ನಕಾಶೆದಾಗ ಹುಡುಕಿದ್ದೆ.

ಕಲಸಾವ್ರು ಒಬ್ಬರು ಕ್ರಿಶ್ಚನ್ ಬಾಯಿ; ಸಾಲ್ಯಾಗ ಕಲಸೂ ಹೆಂಗಸರಿಗೆ ನಾವು ಬಾಯಿ ಅಂತಿದ್ವಿ. ಬಿಳೇ ಸೀರಿ, ಕೈಯಾಗ ಒಂದು ಸೀಸಕಡ್ಡಿ, ಬಾಯಾಗ ಎಂದೂ ಬೈಗಳಿಲ್ಲ. ಅವರ ಪದ್ಧತಿ ಹಿಂಗಿತ್ತು: ಪಾಠದಾಗ 'ಹುಡುಗ ಮಾಡ್ತಾನ' ಅಂತ ಇದ್ರ ನಾವು ಅದನ್ನ 'ನಾನು ಮಾಡ್ತೇನಿ' ಅಂತ ಮಾಡಿ, ಮನ್ಯಾಗ ಹತ್ತು ಸಲ ಜೋರಾಗಿ ಹೇಳಬೇಕು. "ನಿಮ್ಮ ಮನ್ಯಾಗ ಏನೈತಿ ಅದನ್ನ ಹಾಕ್ಕೊಂಡು ಹೇಳ್ರಿ," ಅಂತನೂ ಅಂದಿದ್ರು. ಖರೇ ಹೇಳ್ತೇನಿ, ನಾ ಅಷ್ಟು ಮಾಡಿದ್ರ ಸಾಕಿತ್ತು. ಆದ್ರ ಜ್ವಾಳದ ರೊಟ್ಟಿಗೆ, ಝುಣಕಕ್ಕ ಇಂಗ್ಲಿಷಿನಾಗ ಏನಂತಾರ ನನಗ ಗೊತ್ತಿದ್ದಿಲ್ಲ. ಅಷ್ಟು ಛಂದ ಹೊಂಟ ಇಂಗ್ಲಿಷಿನ ನಡುವ ರೊಟ್ಟಿ ಹಾಕಾಕ ನನಗ ನಾಚಿಕಿ. ಪುಸ್ತಕದಾಗ ಇದ್ದದ್ದನ್ನ ಇದ್ದಂಗ ಹೇಳತಿದ್ದೆ.

ಈಗ ಕಾಕಾನ ವಿಷಯ. ನಮ್ಮಪ್ಪನ ತಮ್ಮ. ಮ್ಯಾಟ್ರಿಕ್ ಪರೀಕ್ಷಾಕ್ಕ ಎರಡು ಸಲ ಕುಂತು ಎರಡೂ ಸಲ ಬಿದ್ದಂವ. ಕುಣಿಯಾಕ ಬರದಾಕಿ ನೆಲ ಡೊಂಕು ಅಂದಂಗ, ಪೇಪರ ತಿದ್ದಿದಾವ್ರಿಗೆ ತಲಿ ಇಲ್ಲ ಅಂತಿದ್ದ. ಹಿಂಗಿದ್ರೂ ಮನ್ಯಾಗ ಇಂಗ್ಲಿಷ್ ಬಲ್ಲಾಂವ ಅವನೊಬ್ಬನ. ತಾರು ಬಂದ್ರ ಅವನ ಓದಬೇಕು. ಸರಕಾರಿ ಕಾಗದ ಬಂದ್ರ ಅವನ ಅರ್ಥ ಹೇಳಬೇಕು. ಅಂವ ಕಾಗದ ಕೈಯಾಗ ಹಿಡಿದ ಅಂದ್ರ ಹೆಂಗಸರು ಉಸಿರ ಬಿಗಿಹಿಡದು ನಿಲ್ಲತಿದ್ರು. ಆ ಮರ್ಯಾದಿ ಮ್ಯಾಲ ಅವನ ಜೀವನ ನಿಂತಿತ್ತು.

ಒಮ್ಮೆ ಆಯಿಗೆ, ಅಂದ್ರ ನಮ್ಮಜ್ಜಿಗೆ, ಮೊಣಕಾಲ ಬ್ಯಾನಿ ಆಗಿ ಡಾಕ್ಟರ ಕಡೆಯಿಂದ ಒಂದು ಬಾಟ್ಲಿ ಔಷಧ ತಂದ್ರು. ಕಾಕಾ ಬಾಟ್ಲಿ ಮ್ಯಾಲಿನ ಚೀಟಿ ನೋಡಿದ, ಗಂಟಲ ಸರಿಮಾಡಿಕೊಂಡ, "ದಿನಕ್ಕ ಎರಡು ಸಲ, ಎರಡು ಚಮಚ ಕುಡೀಬೇಕು," ಅಂದ. ಆಯಿ ಚಮಚ ತರಾಕ ಹೇಳಿದಳು. ನಾ ಬಗ್ಗಿ ಚೀಟಿ ನೋಡಿದೆ. ನಾಯಿಗೆ ಜಳಕ ಮಾಡಿಸಿ ಟಾವೆಲ್‌ಲೆ ತಿಕ್ಕೂ ಪಾಠ ನಮಗ ಹೋದ ವಾರ ಆಗಿತ್ತು. ತಿಕ್ಕು ಅನ್ನೂ ಆ ಇಂಗ್ಲಿಷ್ ಶಬ್ದನ ಬಾಟ್ಲಿ ಮ್ಯಾಲ ಕುಂತಿತ್ತು.

"ಕಾಕಾ, ಇದು ಕುಡಿಯೂದಲ್ಲ, ತಿಕ್ಕೂದು," ಅಂದೆ.

ಅಪ್ಪ ಡಾಕ್ಟರ ಕಡೆ ಆಳು ಕಳಿಸಿ ಕೇಳಿಸಿದ. ತಿಕ್ಕೂದ! ಕುಡದಿದ್ರ ಆಯಿ ಅವತ್ತ ಶಿವನ ಪಾದ ಸೇರತಿದ್ದಳು. ಆಯಿ ನನ್ನ ಗಲ್ಲ ಹಿಡದು ಲಟಿಗಿ ಮುರದಳು. "ಅಯ್ಯ ಶಿವನ! ಎರಡು ಸಲ ಮ್ಯಾಟ್ರಿಕ್ ಕುಂತಾಂವ ನನ್ನ ಕೊಲ್ಲಾಕ ನಿಂತಿದ್ದ, ನೋಡ್ರೆವಾ," ಅಂದಳು. ಎಲ್ಲಾರೂ ನಕ್ರು, ಕಾಕಾನ ಹೇಂತಿನೂ ಸೆರಗು ಬಾಯಿಗೆ ಹಿಡಕೊಂಡು ನಕ್ಕಳು. ಕಾಕಾ ನನ್ನ ಕಡೆ ನೋಡಿದ ನೋಟ ನನಗ ಇನ್ನೂ ನೆನಪೈತಿ. ಹನ್ನೊಂದು ವರ್ಷದ ಹುಡುಗಿ ಮ್ಯಾಲ ಹೊಟ್ಟಿಉರಿ ಪಡೂದಂದ್ರ ಎಂಥಾ ಗಂಡಸು ಇರಬೇಕು ಅಂವ.

ಒಂದು ತಿಂಗಳು ತಡದ. ಒಂದು ಸೋಮವಾರ ಮುಂಜಾನೆ ಅಜ್ಜ ಅಂಗೈಯಾಗ ಲಿಂಗ ಹಿಡಕೊಂಡು ಪೂಜಿಗೆ ಕುಂತಿದ್ದ. ನಾ ಕಂಬಕ್ಕ ಆನಿ ನಾಷ್ಟಾದ ಪಾಠ ಒದರಾಕತ್ತಿದ್ದೆ: "ಐ ಈಟ್ ಎನ್ ಎಗ್ ಎವೆರಿ ಮಾರ್ನಿಂಗ್." ಹತ್ತು ಸಲ, ಬಾಯಿಯವರು ಹೇಳಿದಂಗ. ಅಜ್ಜ ಅದನ್ನ ಕೇಳಿ ತಲಿ ಆಡಿಸ್ತಿದ್ದ, ಮೊಮ್ಮಗಳು ಅಳ್ಳು ಹುರಿದಂಗ ಇಂಗ್ಲಿಷ್ ಮಾತಾಡ್ತಾಳಂತ.

ಕಾಕಾ ಬಂದು ಪೂಜಿ ಮಣಿ ಮುಂದ ನಿಂತ.

"ಅಪ್ಪಾ, ನಿಮ್ಮ ಮೊಮ್ಮಗಳು ಏನು ಅನ್ನಾಕತ್ತಾಳ ಗೊತ್ತೈತೇನು? ನಾನು ದಿನಾ ಮುಂಜಾನೆ ಒಂದು ತತ್ತಿ ತಿಂತೇನಿ ಅನ್ನಾಕತ್ತಾಳ. ಕೈಯಾಗ ಲಿಂಗ ಇರೂ ಹೊತ್ತಿನಾಗ, ನಿಮ್ಮ ಎದುರಿಗೆ."

ನಮ್ಮ ಮನ್ಯಾಗ ಉಳ್ಳಾಗಡ್ಡಿನೂ ಸೋಮವಾರ ಹೆಚ್ಚತಿದ್ದಿಲ್ಲ. ಅವ್ವ ಒಳಗಿಂದ ಓಡಿ ಬಂದಳು. ಅದು ಪುಸ್ತಕದಾಗಿನ ಹುಡುಗ, ನಾನಲ್ಲ ಅಂತ ನಾ ಅತ್ತೆ. ಅಜ್ಜ ಲಿಂಗಾನ ವಸ್ತ್ರದಾಗ ಕಟ್ಟಿ ಕೊರಳಿಗೆ ಹಾಕ್ಕೊಂಡು ಕೇಳಿದ, "ನಾಲಿಗಿ ಮ್ಯಾಲ ಬಂತೋ ಇಲ್ಲೋ?" ಬಂತು ಅಂದೆ. ಅಷ್ಟ. ಮಠದ ಅಯ್ಯನವರನ್ನ ಕರಿಸಿದ್ರು. ಮೈಲಿಗಿ ಹೋಗಲಿ ಅಂತ ನನ್ನ ನಾಲಿಗಿ ಹೊರಗ ಚಾಚಿಸಿ ಅದರ ಮ್ಯಾಲ ವಿಭೂತಿ ಹಾಕಿದ್ರು. ಚಿಮಟಿ ಅಲ್ಲ, ಮುಷ್ಟಿ. ಕೆಮ್ಮಿ ಕೆಮ್ಮಿ ಕಣ್ಣಾಗ ನೀರ ಬಂತು. ಮರುದಿನದಿಂದ ನನ್ನ ಸಾಲಿ ಬಂದ್ ಆತು.

ಮೂರನೇ ದಿನ ಬಾಯಿಯವರು ತಾವ ಮನಿಗೆ ಬಂದ್ರು. ಅವರನ್ನ ಕಟ್ಟಿ ಮ್ಯಾಲ ಕುಂಡ್ರಿಸಿದ್ರು, ಒಳಗ ಕರೀಲಿಲ್ಲ, ಒಂದು ತಂಬಿಗಿ ನೀರ ಕೊಡಲಿಲ್ಲ. "ತಪ್ಪು ನಂದು ರಿ, ಹುಡುಗೀದಲ್ಲ. ಈಕಿ ಮ್ಯಾಟ್ರಿಕ್ ಪಾಸಾಗಿ ನಾಳೆ ನನ್ನ ಜಾಗಾದಾಗ ನಿಂತು ಕಲಸಾಕಿ ಅದಾಳ," ಅಂತ ಕೈ ಮುಗದ್ರು. ಅಜ್ಜ ಭಾಳ ಮರ್ಯಾದಿಲೆ, "ನಮ್ಮ ಮನಿತನ ಬ್ಯಾರೆ ಐತ್ರಿ ಬಾಯಿ, ನೀವು ಬರ್ರಿನ್ನ," ಅಂದ. ಅವರು ಬಿಸಲಾಗ ಹೊಳ್ಳಿ ಹೋಗೂದನ್ನ ನಾ ಕಿಡಕ್ಯಾಗಿಂದ ನೋಡಿದೆ. ಕಾಕಾ ಕಟ್ಟಿ ಮ್ಯಾಲ ನಿಂತು ಅಡಕಿ ಕತ್ತರಿಸ್ತಿದ್ದ. ಅವತ್ತ ನಾ ಮನಸಿನಾಗ ಅಂದೆ, ಕಾಕಾ, ನಿನ್ನ ಮಾರಿಗೆ ಮಸಿ ಬಳೀಲಿಲ್ಲ ಅಂದ್ರ ನಾ ನಮ್ಮಪ್ಪಗ ಹುಟ್ಟಿದಾಕಿ ಅಲ್ಲ.

ಪುಸ್ತಕಾನ ಸುಡಾಕ ಹೇಳಿದ್ರು. ಅವ್ವ ಹಳೇ ಪಂಚಾಂಗ ಒಂದನ್ನ ಒಲಿಗೆ ಹಾಕಿ, ಪುಸ್ತಕಾನ ಹಿಟ್ಟಿನ ಡಬ್ಬಿ ಕೆಳಗ ಇಟ್ಟಳು. ನಮ್ಮವ್ವ ಓದು ಬರಹ ಬಲ್ಲಾಕಿ ಅಲ್ಲ, ಆದ್ರ ಸಿಟ್ಟು ಅಂದ್ರ ಏನಂತ ಆಕಿಗೂ ಗೊತ್ತಿತ್ತು. ನಾ ರೊಟ್ಟಿ ಬಡಿಯಾಕ ಕುಂತಾಗ ಅದನ್ನ ಹಿಟ್ಟು ನಾದೂ ಕೊಣಮಿಗಿ ಬಾಜೂಕ ತೆರದು ಇಡತಿದ್ದೆ. ರೊಟ್ಟಿ ಬಡಿಯೂ ಸಪ್ಪಳದಾಗ ಪಾಠ ಹೇಳಿದ್ರ ಪಡಸಾಲಿಗೆ ಕೇಳತಿದ್ದಿಲ್ಲ. ಹಂಗ ಇಡೀ ಪುಸ್ತಕ ಬಾಯಿಪಾಠ ಆತು. ಆಮ್ಯಾಲ ಹತ್ತಿ ಗಾಡಿ ಸಂಗಾಟ ಬರೂ ಹಳೇ ಇಂಗ್ಲಿಷ್ ಪೇಪರು, ಔಷಧದ ಚೀಟಿ, ಏನು ಸಿಕ್ರೂ ಓದಿದೆ.

ಹದಿನಾಲ್ಕಕ್ಕ ಸುಳ್ಳ ಅನ್ನೂ ಹಳ್ಳಿಗೆ ಮದಿವಿ ಮಾಡಿ ಕೊಟ್ರು. ಹದಿನೇಳಕ್ಕ ಗಂಡ ತೀರಿಕೊಂಡ, ತವರುಮನಿಗೆ ಹೊಳ್ಳಿ ಬಂದೆ. ಅದು ಬ್ಯಾರೆ ಕಥಿ. ಮ್ಯಾಟ್ರಿಕ್ ಆಗಿದ್ರ ಸಾಲ್ಯಾಗ ಬಾಯಿ ಆಗಿ ನನ್ನ ಅನ್ನ ನಾ ಉಣ್ಣತಿದ್ದೆ ಅನ್ನೂದು ಮಾತ್ರ ಇಲ್ಲಿ ಹೇಳಬೇಕು. ಅದರ ಬದಲಿ ಕಾಕಾನ ತಾಟಿಗೆ ರೊಟ್ಟಿ ನೀಡಿಕೋತ ಐದು ವರ್ಷ ಕಳದೆ.

ಆಮ್ಯಾಲ ಶಿವ ಕಣ್ಣು ತೆರದ. ಕಾಕಾನ ಮಗಳಿಗೆ ಧಾರವಾಡದ ಒಬ್ಬ ವಕೀಲನ ಸಂಬಂಧ ಬಂತು. ಹುಡುಗ ಛಲೋ, ಮನಿ ಛಲೋ, ಒಂದ ಮಾತು: ಹುಡುಗಿಗೆ ಸ್ವಲ್ಪರ ಇಂಗ್ಲಿಷ್ ಓದಾಕ, ಮಾತಾಡಾಕ ಬರಬೇಕು. ನೋಡಾಕ ಎರಡು ತಿಂಗಳು ಬಿಟ್ಟು ಬರತಾರಂತ. ಕಾಕಾ ತಾನ ಮಗಳಿಗೆ ಕಲಸಾಕ ಕುಂತ. ನಾಕು ದಿನಕ್ಕ ಹುಡುಗಿ ಅಳಾಕತ್ತಳು, ಅಪ್ಪ ಹೇಳೂ ಅರ್ಥ ದಿನಾ ಬದಲಾಗತೈತಿ ಅಂತ. ಐದನೇ ದಿನ ಅಂವ ಅಡಗಿಮನಿ ಹೊಸ್ತಿಲಕ್ಕ ಬಂದು ನಿಂತ. ನಾ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.

"ತಂಗಿ, ನಿನಗ ಬರತೈತಂತಲ್ಲ. ಹುಡುಗಿಗೆ ಒಂದೀಟು ಹೇಳಿ ಕೊಡವಾ."

"ಕೊಡತೇನಿ ಕಾಕಾ. ಆದ್ರ ಇಲ್ಲಿ ಅಲ್ಲ. ಪಡಸಾಲ್ಯಾಗ, ಅಜ್ಜನ ಗಾದಿ ಬಾಜೂಕ. ಮೊದಲನೇ ಪಾಠ ತತ್ತೀದು. ಮತ್ತ ಅದಕ್ಕಿಂತ ಮೊದಲ ನೀವು ಅಜ್ಜನ ಮುಂದ ಖರೇ ಏನಂತ ಹೇಳಬೇಕು."

ಅವನ ಮಾರಿ ಸುಟ್ಟ ಬದನಿಕಾಯಿ ಆತು. ಆದ್ರ ವಕೀಲ ಅಳಿಯ ಬೇಕಾಗಿತ್ತಲ್ಲ, ಹೋದ. ನಾ ಹಿಟ್ಟಿನ ಕೈಲೆ ಹಿಂದ ಹೋಗಿ ನಿಂತೆ. ಕಾಕಾ ತಲಿ ಕೆಳಗ ಹಾಕಿ, "ಅಪ್ಪಾ, ಅವತ್ತ ಈ ಹುಡುಗಿ ಹೇಳಿದ್ದು ಪುಸ್ತಕದಾಗಿನ ಪಾಠ. ನನಗ ಗೊತ್ತಿತ್ತು. ಬೇಕಂತನ ನಿಮಗ ಹಂಗ ಹೇಳಿದೆ," ಅಂದ.

ಹನ್ನೊಂದು ವರ್ಷ ಆ ಮಾತಿಗೆ ಕಾದಿದ್ದೆ. ಕೇಳಿ ಹಿಗ್ಗಬೇಕು ಅನ್ನೂದ್ರಾಗ ಅಜ್ಜ ಜಪಮಣಿ ಎಣಿಸ್ಕೋತ ಅಂದ, "ನನಗೂ ಗೊತ್ತಿತ್ತು ಬಿಡೋ. ತತ್ತಿ ತಿಂದಾಂವ ಪುಸ್ತಕದಾಗಿನ ಹುಡುಗ ಅಂತ ತಿಳೀಲಾರದಷ್ಟು ಹುಚ್ಚ ಅದೇನೇನು ನಾನು? ಹುಡುಗಿ ನಿನ್ನ ದಾಟಿ ಹೊಂಟಿದ್ದಳು. ಬಾಟ್ಲಿ ವಿಷಯಕ್ಕ ಹೆಂಗಸರು ನಿನ್ನ ನೋಡಿ ನಕ್ಕಿದ್ರು. ಮನ್ಯಾಗ ಗಂಡಮಗನ ಮಾನ ಉಳೀಲಿ ಅಂತ ಆಕಿ ಸಾಲಿ ಬಿಡಿಸಿದೆ."

ನಾ ಅಲ್ಲೇ ನಿಂತಿದ್ದೆ, ಅವನಿಗೆ ಕಾಣತಿತ್ತು. ನನ್ನ ಮಾರಿ ನೋಡಿಕೋತನ ಅಂದ. ಅಷ್ಟು ವರ್ಷ ನಾ ಹಲ್ಲು ಕಡದದ್ದು ಸಣ್ಣ ಮನಷ್ಯಾನ ಮ್ಯಾಲ ಅಂತ ಅವತ್ತ ತಿಳೀತು. ಕಾಕಾ ಬರೇ ಚಾಡಿ ಹೇಳಿದ್ದ. ನನ್ನ ಕುತಗಿ ಕೊಯ್ದಾಂವ ವಿಭೂತಿ ಹಚ್ಚಿಕೊಂಡು ಗಾದಿ ಮ್ಯಾಲ ಕುಂತಿದ್ದ.

ನಾ ಅಳಲಿಲ್ಲ. ಮರುದಿನ ಮಧ್ಯಾಹ್ನ ಮೂರು ಗಂಟೆಕ್ಕ ಅವನ ಗಾದಿ ಬಾಜೂಕ ಚಾಪಿ ಹಾಸಿದೆ. ಕಾಕಾನ ಮಗಳು ನನ್ನ ಕೆಂಪು ಪುಸ್ತಕ ಹಿಡದು ಕುಂತಳು. "ಜೋರಾಗಿ," ಅಂದೆ. "ಐ ಈಟ್ ಎನ್ ಎಗ್ ಎವೆರಿ ಮಾರ್ನಿಂಗ್." ಹತ್ತು ಸಲ. ಅಜ್ಜನಿಗೆ ಎದ್ದು ಹೋಗಾಕ ಬರತಿದ್ದಿಲ್ಲ, ಆಗ ಅವನಿಗೆ ಕಾಲು ಸೋತಿದ್ದುವು. ಬ್ಯಾಡ ಅನ್ನಾಕೂ ಬರತಿದ್ದಿಲ್ಲ, ಮೊಮ್ಮಗಳ ಮದಿವಿ ಪ್ರಶ್ನೆ. ಹುಡುಗಿ ಶ್ಯಾಣ್ಯಾಕಿ. ನೋಡಾಕ ಬಂದ ವಕೀಲ ಮುಂಜಾನೆ ಏನು ತಿಂತೀ ಅಂತ ಇಂಗ್ಲಿಷಿನಾಗ ಕೇಳಿದ್ರ, ರೊಟ್ಟಿ ಮೊಸರು ಅಂತ ಹೇಳಿ ಪಾಸಾದಳು. ಇಂಗ್ಲಿಷಿನ ನಡುವ ರೊಟ್ಟಿ ಹೆಂಗ ಹಾಕೂದು ಅಂತ ನಾನ ಕಲಿಸಿದ್ದೆ. ಆಕಿ ಮ್ಯಾಲ ನನಗೇನು ಸಿಟ್ಟು?

ಸುದ್ದಿ ಓಣಿ ತುಂಬ ಆತು. ಹೆಣ್ಣು ಹೆತ್ತವರೆಲ್ಲಾ ನಮ್ಮ ಮಗಳಿಗೂ ಹೇಳಿ ಕೊಡ್ರಿ ಅಂತ ಬಂದ್ರು. ಐದು ಹುಡುಗ್ಯಾರು ಆದ್ರು, ಆಮ್ಯಾಲ ಒಂಬತ್ತು. ಟಪಾಲಿನಂವ, ನಾಯಿ ಜಳಕ, ಎಲ್ಲಾ ಪಾಠ ಹೇಳತಿದ್ದೆ. ಆದ್ರ ಯಾವ ದಿನ ಇರ್ಲಿ, ಸುರು ಮಾಡೂದು ತತ್ತಿಯಿಂದ. ಅದಕ್ಕೇನೂ ಕಾರಣ ಇದ್ದಿಲ್ಲ, ಅಜ್ಜನ ಕಿವಿ ಬಿಟ್ರ. ಒಂಬತ್ತು ಕೊರಳು ಕೂಡಿ ಒದರಿದ್ರ ಜಂತಿ ನಡಗತಿದ್ದುವು.

ಹಿಂಗ ಎರಡು ವರ್ಷ ನಡೀತು. ಒಂದು ಮುಂಜಾನೆ ಅಜ್ಜ ಪೂಜಿ ಮುಗಿಸಿದ್ದ, ಲಿಂಗ ಇನ್ನೂ ಅಂಗೈಯಾಗ ಇತ್ತು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಾಕತ್ತಿದ್ದ. ಮಂತ್ರ ಅಂದಕೊಂಡೆ. ಹಾಲಿನ ವಾಟಗಾ ಇಡಾಕ ಬಗ್ಗಿದಾಗ ಕೇಳಿಸ್ತು. "ಐ ಈಟ್ ಎನ್ ಎಗ್..." ಹುಡುಗ್ಯಾರು ಎಳಿಯೂ ರಾಗದಾಗ, ತನ್ನ ಪಾಡಿಗೆ ತಾನು.

ವಾಟಗಾ ಕೆಳಗಿಟ್ಟು ಒದರಿದೆ, "ಕಾಕಾ! ಲಗೂ ಬರ್ರಿ. ಅಜ್ಜ ಇಂಗ್ಲಿಷ್ ಮಾತಾಡಾಕತ್ತಾನ, ಅರ್ಥ ಹೇಳ್ರಿ."

ಕಾಕಾ ಬಂದ, ಕೇಳಿದ, ಬೆವತ. "ಹೋಗ್ಲಿ ಬಿಡವಾ," ಅಂದ.

"ಹೆಂಗ ಬಿಡ್ಲಿ? ಅವತ್ತ ಇಲ್ಲೇ ನಿಂತು ಹೇಳಿದ್ರಲ್ಲಾ, ಹಂಗ ಹೇಳ್ರಿ."

ಅಂವ ನೆಲ ನೋಡಿಕೋತ ಹೇಳಿದ, "ಅಪ್ಪಾ, ನೀವು... ನಾನು ದಿನಾ ಮುಂಜಾನೆ ಒಂದು ತತ್ತಿ ತಿಂತೇನಿ ಅನ್ನಾಕತ್ತೀರಿ."

ಅಜ್ಜ ಕಣ್ಣು ತೆರದ. ಅಂಗೈ ನೋಡಿಕೊಂಡ. "ನಾನೆಲ್ಲಿ ಅಂದೆ? ದಿನಾ ಕಿವ್ಯಾಗ ಬಿದ್ದದ್ದು ಬಾಯಾಗ ಬಂದಿರಬೇಕು."

"ನಂದೂ ಅಷ್ಟ ಇತ್ತಲ್ಲ ಅಜ್ಜಾ," ಅಂದೆ. "ನಾಲಿಗಿ ಮ್ಯಾಲ ಬಂತೋ ಇಲ್ಲೋ?"

ತಪ್ಪಾತು ಅಂತಾನೇನೋ ಅಂತ ನಾ ಕಾದೆ. ಆ ಒಂದು ಮಾತು ಬಂದಿದ್ರ ಏನು ಮಾಡತಿದ್ದೆನೋ ಗೊತ್ತಿಲ್ಲ. ಬರಲಿಲ್ಲ. ಲಿಂಗಾನ ವಸ್ತ್ರದಾಗ ಕಟ್ಟಿ ಕೊರಳಿಗೆ ಹಾಕ್ಕೊಂಡ, ಕಣ್ಣು ಮುಚ್ಚಿದ, ನನ್ನ ಕಡೆ ಮಾರಿ ಮಾಡಿ ನಾಲಿಗಿ ಹೊರಗ ಚಾಚಿದ.

ನಾ ಪೂಜಿ ಮಣಿ ಮ್ಯಾಲಿನ ವಿಭೂತಿ ಡಬ್ಬಿ ತೆರದೆ. ನನಗ ಅವತ್ತ ಎಷ್ಟು ಹಾಕಿಸಿದ್ದನೋ ಬರೋಬ್ಬರಿ ಅಷ್ಟ ತಗೊಂಡೆ, ಒಂದು ಕಾಳೂ ಕಡಿಮಿ ಇಲ್ಲ. ಅಂವ ಕೆಮ್ಮಿದ, ಕಣ್ಣಾಗ ನೀರ ಬಂತು. ಕಾಕಾ ನೀರಿಗೆ ಓಡಿದ.

ಮಧ್ಯಾಹ್ನ ಮೂರಕ್ಕ ಹುಡುಗ್ಯಾರು ಬಂದ್ರು. ಅಜ್ಜ ಗಾದಿ ಮ್ಯಾಲ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದ. ಇವತ್ತ ಯಾವ ಪಾಠ ರಿ ಬಾಯಿ ಅಂತ ಒಬ್ಬಾಕಿ ಕೇಳಿದಳು. ಅದ ಪಾಠ, ಜೋರಾಗಿ ಓದ್ರಿ ಅಂದೆ.