ಮುಹೂರ್ತಕ್ಕೆ ಬಿದ್ದ ಕಾಂಕ್ರೀಟು

ಹಣೆಯ ಮೇಲೆ ವಿಭೂತಿ ಎಲ್ಲಿ ಮುಗಿಯಿತು, ಸಿಮೆಂಟು ಎಲ್ಲಿ ಶುರುವಾಯಿತು ಎಂದು ಆ ಬೇಸಿಗೆಯಲ್ಲಿ ಕಾಕಾ ಅವರ ಮುಖ ನೋಡಿ ಹೇಳುವುದು ಕಷ್ಟವಿತ್ತು. ಬೆಳಿಗ್ಗೆ ಮೂರು ಬೆರಳಲ್ಲಿ ಎಳೆದುಕೊಂಡ ಬಿಳಿ ಪಟ್ಟೆ ಮಧ್ಯಾಹ್ನದ ಹೊತ್ತಿಗೆ ಹುಬ್ಬು, ಕಿವಿ, ಮೀಸೆಗೆಲ್ಲ ಹರಡಿರುತ್ತಿತ್ತು. ಮೈಮೇಲೆ ಕಣ್ಣು ಕುಕ್ಕುವ ಹಳದಿ ಜಾಕೀಟು, ಕಾಲಲ್ಲಿ ಅಳತೆಗೆ ದೊಡ್ಡದಾದ ಬೂಟು. ವಿಮಾನ ನಿಲ್ದಾಣದಲ್ಲಿ ಲಗೇಜು ಎತ್ತಿಳಿಸುವ ಕೆಲಸದಲ್ಲಿದ್ದ ಮನುಷ್ಯ, ರಜೆ ಹಾಕಿ ತಾನೇ ಕಂಟ್ರಾಕ್ಟರನಾಗಿ ನಿಂತಿದ್ದರು.

ಅವರು ನನಗೆ ರಕ್ತಸಂಬಂಧಿಯಲ್ಲ. ವಿಲಾಯಿತಿಯ ಹ್ಯಾರೋದಲ್ಲಿನ ಅವರ ಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅವರೂ ವಿಜಯಪುರದ ಕಡೆಯವರು, ನಾನೂ ಆ ಕಡೆಯವಳು. ಹಾಗಾಗಿ ಅವರು ಕಾಕಾ, ಅವರ ಹೆಂಡತಿ ಕಾಕು. ಹಗಲು ಮುದುಕರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಪದವಿಗೆ ಓದುತ್ತಿದ್ದೆ. ನನ್ನ ಅಪ್ಪ ಹೆಬ್ಬೆಟ್ಟು ಒತ್ತುವವರು. ನಮ್ಮ ಮನೆತನದಲ್ಲಿ ಪದವಿಯ ಆಸೆ ಇಟ್ಟುಕೊಂಡವಳು ನಾನೇ ಮೊದಲು. ಆ ಕೋಣೆಯಲ್ಲಿ ಮಂಚ ಹಾಕಿದರೆ ಮೇಜಿಗೆ ಜಾಗವಿರಲಿಲ್ಲ. ಇಸ್ತ್ರಿ ಹಲಗೆಯ ಮೇಲೆ ಪುಸ್ತಕ ಹರವಿಕೊಂಡು ಓದುತ್ತಿದ್ದೆ.

ಕಾಕುವಿಗೆ ನರಗಳ ಕಾಯಿಲೆ. ಮೊದಲು ಕೈಯಿಂದ ಲೋಟ ಜಾರುತ್ತಿತ್ತು, ಆಮೇಲೆ ಕಾಲು ಸೋತವು. ಮನೆಯ ಬಚ್ಚಲು, ಪಾಯಖಾನೆ ಎರಡೂ ಮೇಲೆಯೇ. ಮೆಟ್ಟಿಲು ಇಕ್ಕಟ್ಟಾಗಿ ತಿರುಗುವುದರಿಂದ ಕೂತವರನ್ನು ಇಳಿಸುವ ಕುರ್ಚಿ ಲಿಫ್ಟು ಹಾಕುವಂತಿರಲಿಲ್ಲ. ಅವರಿಗೆ ಬೇಕಾಗಿದ್ದು ಒಂದೇ, ಅಡುಗೆಮನೆ ಪಕ್ಕ ನೆಲದ ಮಟ್ಟದಲ್ಲಿ ಒಂದು ಕೋಣೆ. “ಒಗ್ಗರಣಿ ಸೀದದ್ದು ಇಲ್ಲಿ ಮ್ಯಾಲೆ ಗೊತ್ತಾಗ್ತದ. ಆದ್ರ ಬೈಯಾಕ ಇಳಿಯಾಕ ಆಗೂದಿಲ್ಲ ನೋಡು” ಅನ್ನುತ್ತಿದ್ದರು.

ಬಂದು ನೋಡಿಹೋದ ಬಿಲ್ಡರುಗಳೆಲ್ಲ ಮುಂದಿನ ವರ್ಷವೆಂದರು. ಕಾಕುವಿಗೆ ಮುಂದಿನ ವರ್ಷ ಇದೆಯೋ ಇಲ್ಲವೋ ಎಂದು ಡಾಕ್ಟರೇ ಹೇಳುತ್ತಿರಲಿಲ್ಲ. ಕಾಕಾ ಹಿತ್ತಲಲ್ಲಿ ಕೋಣೆ ಕಟ್ಟಲು ತಾವೇ ಇಳಿದರು. ಅಗೆಯಲು ರೊಮೇನಿಯಾದ ಒಬ್ಬ ಮೇಸ್ತ್ರಿ, ಗೋಡೆಗೆ ಒಬ್ಬ, ಸೂರಿಗೆ ಇನ್ನೊಬ್ಬ. ಎಲ್ಲರಿಗೂ ಕಾಕಾ ಕೈಯಾರೆ ಚಹಾ, ಒಗ್ಗರಣೆ ಹಾಕಿದ ಚುರುಮುರಿ. ಸಿಟ್ಟು ಬಂದರೆ ಶುದ್ಧ ವಿಜಯಪುರದ ಕನ್ನಡ. ಮೇಸ್ತ್ರಿಗೆ ಅರ್ಥವಾಗುತ್ತಿತ್ತು.

ಕಾಕು ಮೇಲಿನ ಕಿಟಕಿಯಿಂದ ಉಸ್ತುವಾರಿ ನೋಡುತ್ತಿದ್ದರು.

“ಏನ್ರೀ, ಆ ದಾರ ಸೊಟ್ಟ ಕಟ್ಟೀರಿ!”

“ಇಷ್ಟು ಶಾಣ್ಯಾಕಿ ಇದ್ರ ಇಳಿದು ಬಂದು ನೀನs ಕಟ್ಟು.”

“ನನ್ನ ಇಳಸೂ ಸಲುವಾಗಿನs ಅಲ್ಲೇನ್ರಿ ನೀವು ಕಟ್ಟಾಕ ಹತ್ತಿದ್ದು?”

ಕಾಕಾ ನಗಲು ಹೋಗಿ ತಡೆದು, ಬಗ್ಗಿ ದಾರ ಬಿಚ್ಚುತ್ತಿದ್ದರು.

ಇಲ್ಲಿ ಪಾಯ ತೋಡಿದ ಮೇಲೆ ಪುರಸಭೆಯ ಕಟ್ಟಡ ಇನ್ಸ್‌ಪೆಕ್ಟರ್ ಬಂದು ನೋಡಬೇಕು, ಆಮೇಲೆಯೇ ಕಾಂಕ್ರೀಟು. ಅವರು ಬರುವುದು ಮಂಗಳವಾರವೆಂದು ಗೊತ್ತಾಗಿತ್ತು. ಆದರೆ ಊರಿನ ಸ್ವಾಮಿಗಳು ಫೋನಿನಲ್ಲಿ ತೆಗೆದುಕೊಟ್ಟ ಮುಹೂರ್ತ ಅದಕ್ಕಿಂತ ಮುಂಚಿನ ಶನಿವಾರ. ಅದು ದಾಟಿದರೆ ಆಷಾಢ ಹಿಡಿಯುತ್ತಿತ್ತು.

“ಬಾಸ್, ವೆಯ್ಟ್ ಟ್ಯೂಸ್‌ಡೇ” ಎಂದ ಮೇಸ್ತ್ರಿ.

ದೇವರ ಜಗುಲಿಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದ ಕಾಕು ಕೂಡ ಅದನ್ನೇ ಹೇಳಿದರು. “ಮಂಗಳವಾರ ಮಾಡ್ರಿ. ಶಿವ ಎಲ್ಲಿ ಊರಿಗೆ ಹೊಂಟಾನ?”

ಕಾಕಾ ಆಗ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. “ಈ ಮನಿ ತೊಗೊಳ್ಳುವಾಗ ಗಡಿಬಿಡಿ ಮಾಡಿ ಮುಹೂರ್ತ ನೋಡಲಿಲ್ಲ. ನಿನಗ ಹಿಂಗಾತು. ಇನ್ನೊಮ್ಮೆ ನಾ ಆ ತಪ್ಪು ಮಾಡಾಂವಲ್ಲ.”

ಕಾಕು ಅಕ್ಷತೆಗೆ ಅಕ್ಕಿ ತರಲು ನನಗೆ ಹೇಳಿದರು. ಇಷ್ಟು ವರ್ಷ ಗಂಡನ ಹೊಟ್ಟೆಯಲ್ಲಿ ಇದಿತ್ತೆಂದು ಅವರಿಗೂ ಅವತ್ತೇ ತಿಳಿದದ್ದು.

ಶನಿವಾರ ಪಾಯಕ್ಕೆ ಅರಿಸಿನ ಕುಂಕುಮ ಬಿತ್ತು, ಹಾಲು ಬಿತ್ತು. ಕಾಕು ಕಿಟಕಿಯಿಂದ ಅಕ್ಷತೆ ಎಸೆಯಲು ಕೈ ಎತ್ತಲು ಹೋದರು. ಕೈ ಮೇಲೇಳಲಿಲ್ಲ. ಅವರ ಮುಷ್ಟಿ ಹಿಡಿದು ನಾನೇ ಎಸೆಯಿಸಿದೆ. ಲಾರಿ ಬಂದು ಕಾಂಕ್ರೀಟು ಸುರಿದು ಹೋಯಿತು. ಕಾಕಾ ಮೊಬೈಲಿನಲ್ಲಿ ಎಲ್ಲದರ ಫೋಟೊ ಹೊಡೆದಿಟ್ಟುಕೊಂಡಿದ್ದರು. ತೋರಿಸಿದರೆ ಮುಗೀತು ಎಂಬ ಧೈರ್ಯ.

ಮಂಗಳವಾರ ಬಂದ ಇನ್ಸ್‌ಪೆಕ್ಟರ್ ಒಳ್ಳೆಯ ಹುಡುಗಿ. ಫೋಟೊ ನೋಡಿದಳು, ಪಕ್ಕದ ಮನೆಯ ಓಕ್ ಮರ ನೋಡಿದಳು, ಪಾಯದ ಬದಿಗೆ ಒಂದು ಗುಂಡಿ ತೋಡಿಸಿದಳು. ಇಲ್ಲಿನದು ಜೇಡಿಮಣ್ಣು. ದೊಡ್ಡ ಮರವಿದ್ದಲ್ಲಿ ಅದು ಬೇಸಿಗೆಗೆ ಕುಗ್ಗಿ ಚಳಿಗಾಲಕ್ಕೆ ಉಬ್ಬುತ್ತದೆ, ಪಾಯ ಇನ್ನೂ ಆಳಕ್ಕೆ ಹೋಗಬೇಕು. ಹಾಕಿದ್ದನ್ನು ಒಡೆಯಬೇಕೆಂದಳು. “ಹಾಕುವ ಮೊದಲು ಕರೆದಿದ್ದರೆ ಹೇಳುತ್ತಿದ್ದೆ” ಎಂದು ಮೆಲ್ಲಗೆ ಸೇರಿಸಿದಳು. ಕಾಕಾ ಅವಳಿಗೂ ಚಹಾ ಕೊಟ್ಟರು.

ಯಾವ ಆಷಾಢಕ್ಕೆ ಹೆದರಿದ್ದರೋ ಆ ಆಷಾಢವಿಡೀ ಹಿತ್ತಲಲ್ಲಿ ಒಡೆಯುವ ಯಂತ್ರದ ಆರ್ಭಟ. ಮೇಲೆ ಕಾಕುವಿನ ಮಂಚ ನಡುಗುತ್ತಿತ್ತು. ಒಡೆದಾದ ಮೇಲೆ ಮೇಸ್ತ್ರಿ ಮೊದಲೇ ಒಪ್ಪಿದ್ದ ಬೇರೆ ಕೆಲಸಕ್ಕೆ ಹೋದ. ಅವನು ಮರಳಿ ಆಳಕ್ಕೆ ತೋಡುವವರೆಗೆ ಇಟ್ಟಿಗೆಯವನಿಗೆ ಕೆಲಸವಿಲ್ಲ, ಅವನು ಕೈಬಿಟ್ಟ. ಗೋಡೆ ಏಳದೆ ಸೂರಿನವನು ಬರುವುದಿಲ್ಲ. ದೊಡ್ಡ ಕಂಟ್ರಾಕ್ಟರನಾಗಿದ್ದರೆ ಬೇರೆ ತಂಡ ಕಳಿಸುತ್ತಿದ್ದ. ಕಾಕಾ ಕೈಯಲ್ಲಿ ಇದ್ದದ್ದು ಒಂದು ಫೋನು. ಅಂತೂ ಗೋಡೆಗಳು ಎದ್ದಾಗ ಮರದ ಎಲೆಯೆಲ್ಲ ಉದುರಿಹೋಗಿತ್ತು. ಸೂರಿನ ಜಾಗದಲ್ಲಿ ನೀಲಿ ತಾಡಪತ್ರಿ ಪಟಪಟಿಸುತ್ತಿತ್ತು.

ಒಂದು ಬೆಳಿಗ್ಗೆ ಕಾಕುವಿಗೆ ಉಸಿರು ಸಿಗಲಿಲ್ಲ. ಆಂಬುಲೆನ್ಸಿನವರು ಅವರನ್ನು ಕುರ್ಚಿಗೆ ಬಿಗಿದು ಮೆಟ್ಟಿಲಿಳಿಸಿದರು. ಎಷ್ಟೋ ತಿಂಗಳ ಮೇಲೆ ಅವರು ಕೆಳಗೆ ಬಂದದ್ದು. ಹಿಂದೆ ತಿರುಗಿಸಿರೆಂದು ಕಣ್ಣಲ್ಲೇ ಹೇಳಿದರು. ತಿರುಗಿಸಿದರು. ಅಡುಗೆಮನೆಯಾಚೆ ಸೂರಿಲ್ಲದ ಕೋಣೆ ಕಂಡಿತು.

“ಕಿಡಕಿ… ಭಾಳ ದೊಡ್ಡದಾತ್ರಿ. ಥಂಡಿ ಬರ್ತದ.”

“ಪಡದಾ ಹಾಕೂಣು ಬಿಡು” ಎಂದರು ಕಾಕಾ.

ಅದೇ ವಾರ ಆಸ್ಪತ್ರೆಯಲ್ಲಿ ಕಾಕು ತೀರಿಕೊಂಡರು.

ಕಾಕಾ ಕೋಣೆಯನ್ನು ನಿಲ್ಲಿಸಲಿಲ್ಲ, ಮುಗಿಸಿದರು. ಬಚ್ಚಲಿನ ಗೋಡೆಗೆ ಕಾಕುವಿನ ಕೈ ಎಟಕುವ ಎತ್ತರಕ್ಕೆ ಹಿಡಿಕೆ ಹಾಕಿಸಿದರು. ಕಿಟಕಿಗೆ ಪಡದಾನೂ ಬಂತು. ಆಮೇಲೆ ಒಂದು ದಿನ ನನ್ನ ಪುಸ್ತಕಗಳನ್ನೆಲ್ಲ ಹೊತ್ತು ತಂದು ಆ ಕೋಣೆಯ ಬಾಗಿಲಲ್ಲಿ ಇಳಿಸಿ, “ಇಸ್ತ್ರಿ ಹಲಿಗಿ ಮ್ಯಾಲೆ ಓದಿದ್ದು ಸಾಕು, ಯವ್ವಾ” ಎಂದರು. ಬೇಡವೆನ್ನಲು ಬಾಯಿ ತೆರೆದೆ. ಅವರು ಆಗಲೇ ಬೆನ್ನು ತಿರುಗಿಸಿದ್ದರು.

ಅವರು ಮಾತ್ರ ಒಳಗೆ ಕಾಲಿಡಲಿಲ್ಲ. ಚಹಾ ತಂದು ಹೊಸ್ತಿಲಾಚೆ ನಿಲ್ಲುತ್ತಿದ್ದರು. “ಒಳಗ ಬರ್ರಿ ಕಾಕಾ” ಅಂದರೆ, “ಕಾಲಿಗೆ ರಾಡಿ ಅದ” ಅನ್ನುತ್ತಿದ್ದರು. ಕಾಲು ಚೊಕ್ಕವಾಗಿರುತ್ತಿದ್ದವು. ಒಮ್ಮೆ ಮಾತ್ರ ಕೇಳದೆಯೇ ಅಂದರು: “ಮಂಗಳವಾರ ಮಾಡ್ರಿ ಅಂದಿದ್ಲು. ನೀನೂ ಕೇಳಿದಿ, ಹೌದಲ್ಲ?” ಹೌದೆಂದೆ. ಸುಳ್ಳು ಹೇಳಿದರೆ ಸಮಾಧಾನವಾಗುವಂಥ ಮನುಷ್ಯರಲ್ಲ ಅವರು.

ಹೋದ ವರ್ಷ ಕಾಕಾ ಕೆಲಸಕ್ಕೆ ಹೊರಟವರು ಬಸ್ ಸ್ಟಾಪಿನಲ್ಲಿ ಎದೆ ಹಿಡಿದು ಕುಸಿದರು, ಏಳಲಿಲ್ಲ. ನಾನೀಗ ಪದವೀಧರೆ, ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ, ಹೇಳಿಕೊಳ್ಳುವಷ್ಟು ಕಷ್ಟಪಟ್ಟಿದ್ದೇನೆ. ಆದರೆ ಆ ಪದವಿಯನ್ನು ನಾನು ಓದಿದ್ದು ಇನ್ನೊಬ್ಬ ಹೆಂಗಸಿಗೆಂದು ಕಟ್ಟಿದ ಕೋಣೆಯಲ್ಲಿ. ಕಾಕಾ ಇನ್ನೂ ಬದುಕಿದ್ದಾಗ, ನಾನು ಪದವಿ ಪಡೆಯಲು ಹೊರಟ ದಿನ, ಕರಿ ಗೌನು ತೊಟ್ಟು ಆ ಕೋಣೆಯ ಬಾಗಿಲು ತೆರೆದಾಗ ಅವರು ಎದುರಿಗೆ ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

“ಯಾರರೆ ಒಬ್ರು” ಅಂದರು, “ಈ ಖೋಲ್ಯಾಗಿಂದ ನಡಕೋತ ಹೊರಗ ಬಂದ್ರಲ್ಲ.”