ಮೇಷ್ಟ್ರ ಟೇಪು, ನನ್ನ ಓದು

ಮೊನ್ನೆ ಹಳೆಯ ಟಾರ್ಚ್ ಬಿಚ್ಚಿದೆ. ಒಳಗೆ ಸೆಲ್ ಸೋರಿ ಹಸಿರುಗಟ್ಟಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಟನೇ ಕ್ಲಾಸಿನ ಕನ್ನಡ ಮೇಷ್ಟ್ರು ನೆನಪಾದರು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಎಪ್ಪತ್ತರ ದಶಕದ ಕೊನೆ. ಮಾಸ್ತಿಕಟ್ಟೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಬೆಂಚಿಗೊಂದೇ ಪುಸ್ತಕ, ಕರೆಂಟಂತೂ ಇಲ್ಲ. ಮೇಷ್ಟ್ರು ಸೆಲ್ ಹಾಕುವ ತಮ್ಮ ಟೇಪ್ ರೆಕಾರ್ಡರ್ ತರುತ್ತಿದ್ದರು. ಪಾಠವನ್ನು ಮನೆಯಲ್ಲೇ ಓದಿ ಅದರಲ್ಲಿ ತುಂಬಿಸಿಕೊಂಡು ಬಂದು, ಕ್ಲಾಸಿನಲ್ಲಿ ಹಾಕಿ, "ಈ ದನಿಯ ಜೊತೆ ಸಾಲಿನ ಮೇಲೆ ಬೆರಳು ಓಡಿಸಿ" ಅನ್ನುತ್ತಿದ್ದರು. ಸೆಲ್ ಸೊರಗಿದರೆ ಹಪ್ಪಳದ ಹಾಗೆ ಬಿಸಿಲಿಗಿಡುತ್ತಿದ್ದರು.

ನನಗೆ ಬಿಡಿ ಅಕ್ಷರ ಗೊತ್ತಿತ್ತು, ಕೂಡಿಸಿ ಓದಲು ಬರುತ್ತಿರಲಿಲ್ಲ. ಆದರೆ ಕಿವಿ ಚುರುಕು. ಎರಡು ಸಲ ಟೇಪು ಕೇಳಿ, ಬೆರಳು ಸುಮ್ಮನೆ ಓಡಿಸುತ್ತ, ಪಾಠವನ್ನು ಅರಳು ಹುರಿದ ಹಾಗೆ ಒಪ್ಪಿಸಿದೆ.

"ಎಂತ ಮಾರಾಯ್ತಿ, ಮೊನ್ನೆವರೆಗೆ ಬಾಯೇ ಬಿಡ್ತಿರ್ಲಿಲ್ವಲ್ಲೇ!" ಮೇಷ್ಟ್ರು ಹಿಗ್ಗಿಹೋದರು. ಆ ಮುಖ ನೋಡಿ ನಿಜ ಹೇಳಲು ನಾಲಿಗೆ ಏಳಲಿಲ್ಲ...

ಶಾಲೆ ನೋಡಲು ಇನ್‌ಸ್ಪೆಕ್ಟರು ಬಂದ ದಿನ ಮೇಷ್ಟ್ರು ನನ್ನನ್ನೇ ಎಬ್ಬಿಸಿದರು. ಒಂದಕ್ಷರ ತಪ್ಪದೆ ಮುಗಿಸಿದೆ. ಇನ್‌ಸ್ಪೆಕ್ಟರು ಮೇಷ್ಟ್ರ ಬೆನ್ನು ತಟ್ಟಿದರು. ಮುಂದಿನ ಜೂನಿನಲ್ಲಿ ಮೇಷ್ಟ್ರಿಗೆ ಸಾಗರದ ದೊಡ್ಡ ಶಾಲೆಗೆ ವರ್ಗವಾಯಿತು, ಟೇಪೂ ಹೋಯಿತು. ಒಂಬತ್ತರಲ್ಲಿ ಫೇಲಾಗಿ ನಾನು ಶಾಲೆ ಬಿಟ್ಟೆ.

ಅಷ್ಟರಲ್ಲಿ ಒಂದು ಪತ್ರ ಬಂತು, ಸಾಗರದ ಮೇಷ್ಟ್ರದು ಅಂತ ಪೋಸ್ಟ್‌ಮ್ಯಾನ್ ಹೇಳಿದ. ಆ ಮೋಡಿ ಬರಹ ನನಗೆಲ್ಲಿ ದಕ್ಕೀತು! ಬೇರೆಯವರಿಂದ ಓದಿಸಲು ನಾಚಿಕೆ. ಇನ್‌ಸ್ಪೆಕ್ಟರ ಎದುರು ಓದಿದವಳೆಂದು ಊರೆಲ್ಲ ಹೆಸರಾಗಿತ್ತಲ್ಲ. ಟ್ರಂಕಿನ ತಳದಲ್ಲಿಟ್ಟೆ.

ಮದುವೆಯಾಗಿ ಹೊಸನಗರಕ್ಕೆ ಬಂದೆ. ಬಸ್‌ಸ್ಟ್ಯಾಂಡಿನ ಎದುರೇ ನಮ್ಮ ಹೋಟೆಲು. ಕಂಡಕ್ಟರು ಕೂಗಿದ ಊರನ್ನು ಬಸ್ಸಿನ ಬೋರ್ಡಿನಲ್ಲಿ ಹುಡುಕುತ್ತ ಹುಡುಕುತ್ತ, ಕೂಡಿಸಿ ಓದುವುದು ಬಂತು. ವರ್ಷಗಳ ಮೇಲೆ ಆ ಪತ್ರ ಬಿಡಿಸಿದೆ.

"ಇನ್‌ಸ್ಪೆಕ್ಟರ ಎದುರು ನೀನು ಪುಟ ತಿರುಗಿಸಲೇ ಇಲ್ಲ. ನಾನು ನೋಡಿದೆ. ಹೊಗಳಿಕೆಯ ಆಸೆಗೆ ಸುಮ್ಮನಿದ್ದೆ, ತಪ್ಪು ನನ್ನದು. ಇದನ್ನು ಯಾರ ಕೈಲಾದರೂ ಓದಿಸಿಕೋ, ನಾಚಿಕೆ ಬೇಡ. ರಜೆಯಲ್ಲಿ ಬಾ, ಮೊದಲಿಂದ ಕಲಿಸುತ್ತೇನೆ."

ಮರುದಿನದ ಬಸ್ಸಿಗೇ ಸಾಗರಕ್ಕೆ ಹೋದೆ. ಮೇಷ್ಟ್ರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು.

ಈಗ ಹೈಸ್ಕೂಲಿಗೆ ಹೋಗುವ ಮೊಮ್ಮಗಳಿಗೆ ಮೊಬೈಲು ಪಾಠ ಓದಿ ಹೇಳುತ್ತದೆ. ಅವಳು ಗಡಗಡ ಒಪ್ಪಿಸುತ್ತಾಳೆ, ಮನೆಯವರೆಲ್ಲ ಮೆಚ್ಚುತ್ತಾರೆ, ನಾನು ಅವಳ ಬೆರಳನ್ನೇ ನೋಡುತ್ತೇನೆ. ನಿನ್ನೆ ಮೊಬೈಲು ಆರಿಸಿ, ಪುಸ್ತಕ ಕೈಗಿಟ್ಟು, "ಈಗ ಓದೇ" ಅಂದೆ.

ಮೊದಲ ಸಾಲಿನಲ್ಲೇ ತಡವರಿಸಿ ಅವಳು ತಲೆ ತಗ್ಗಿಸಿದಳು. ಬೈಯಲಿಲ್ಲ, ಪಕ್ಕದಲ್ಲಿ ಕೂತೆ. ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ... ನಾನು ಅವರ ಮನೆ ಬಾಗಿಲಿಗೆ ಹೋದ ದಿನ ಅವರು ಇರಬೇಕಿತ್ತು, ಅಷ್ಟೆ.